ಪೀಟ್ ಪೋಸಲ್‌ಥ್ವೇಟ್: ಪೋಷಕ ನಟನ ದೊಡ್ಡತನ

ಇಂಗ್ಲೆಂಡಿನ ವಾರಿಂಗ್ಟನ್ನಿನಲ್ಲಿ 1946ರಲ್ಲಿ ಹುಟ್ಟಿದ ಪೀಟ್ ಪೋಸಲ್‌ಥ್ವೇಟ್ ಮೊದಲು ಮೇಷ್ಟರಾಗಿದ್ದರು. ಆಮೇಲೆ ನಟನೆ ಕಲಿತು, ಲಿವರ್‌ಪೂಲಿನ ಎವ್ರಿಮನ್ ರಂಗಮಂದಿರದಲ್ಲಿ ಪಳಗಿದರು. ಎದ್ದು ಕಾಣುವ ಕೆನ್ನೆಮೂಳೆ, ಒರಟು ಮುಖ. ನಾಯಕನ ಪಾತ್ರ ಹುಡುಕಿಕೊಂಡು ಬರುವ ಚಹರೆಯಲ್ಲ.

1993ರ ‘ಇನ್ ದ ನೇಮ್ ಆಫ್ ದ ಫಾದರ್’ ಚಿತ್ರದಲ್ಲಿ ಅವರು ಜ್ಯುಸೆಪ್ಪೆ ಕಾನ್ಲನ್. ಮಾಡದ ತಪ್ಪಿಗೆ ಜೈಲು ಸೇರಿದ ಅಪ್ಪ. ಅದೇ ಕೋಣೆಯಲ್ಲಿ ಮಗನೂ ಇದ್ದಾನೆ. ಮಗ ರೇಗುತ್ತಾನೆ, ಕೂಗಾಡುತ್ತಾನೆ. ಕಾಯಿಲೆಯ ಅಪ್ಪ ದನಿ ಏರಿಸದೆ, ನ್ಯಾಯ ಕೇಳಿ ಪತ್ರ ಬರೆಯುತ್ತಾ ಕೂರುತ್ತಾನೆ. ಆ ತಾಳ್ಮೆಯ ಮುಂದೆ ಮಗನ ಸಿಟ್ಟು ಕರಗುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಜ್ಯುಸೆಪ್ಪೆ ನಿಜಕ್ಕೂ ಬದುಕಿದ್ದವರು, ಸೆರೆಯಲ್ಲೇ ತೀರಿಕೊಂಡವರು. ಈ ಪಾತ್ರಕ್ಕೆ ಪೀಟ್ ಅವರ ಹೆಸರು ಆಸ್ಕರ್ ಸ್ಪರ್ಧೆಗೆ ಹೋಯಿತು, ಪ್ರಶಸ್ತಿ ಬರಲಿಲ್ಲ.

‘ಬ್ರಾಸ್ಡ್ ಆಫ್’ನಲ್ಲಿ ಅವರು ಗಣಿ ಕಾರ್ಮಿಕರ ವಾದ್ಯತಂಡದ ಡ್ಯಾನಿ. ಸ್ಪರ್ಧೆ ಗೆದ್ದ ವೇದಿಕೆಯಲ್ಲೇ ಪಾರಿತೋಷಕ ಬೇಡವೆಂದು, ಕೆಲಸ ಕಳೆದುಕೊಂಡ ತನ್ನ ಜನರ ಪರ ಮಾತಾಡುತ್ತಾನೆ. ನನಗೆ ಅವರ ಎಲ್ಲ ಪಾತ್ರಗಳಿಗಿಂತ ಪ್ರಿಯವಾದದ್ದು ಇದೇ.

ಸ್ಪೀಲ್‌ಬರ್ಗ್ ಚಿತ್ರಗಳಲ್ಲಿ ನಟಿಸಿದ ಮೇಲೂ 2008ರಲ್ಲಿ ಅದೇ ಎವ್ರಿಮನ್ನಿಗೆ ಬಂದು ಶೇಕ್ಸ್‌ಪಿಯರ್ ನಾಟಕದ ಲಿಯರ್ ದೊರೆಯಾದರು. 2011ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಬಿಡುವಾದಾಗ ‘ಇನ್ ದ ನೇಮ್ ಆಫ್ ದ ಫಾದರ್’, ‘ಬ್ರಾಸ್ಡ್ ಆಫ್’ ಈ ಎರಡು ಚಿತ್ರಗಳನ್ನಾದರೂ ನೋಡಿ.