ಫಿಸಿಕ್ಸ್ ಮತ್ತು ಭೌತಶಾಸ್ತ್ರ: ಒಂದೇ ಬೇರಿನ ಎರಡು ಚಿಗುರು

(ಲೋಣಾವಳಾದಲ್ಲಿ ಆಡಿದ ಮಾತಿನ ಬರಹ ರೂಪ)

ಇಂಥ ಮಳೆಯಲ್ಲೂ ಹಿಂಜವಡಿ, ಪಿಂಪ್ರಿ, ಖರಾಡಿಯಿಂದ ಇಲ್ಲಿತನಕ ಬಂದಿದ್ದೀರಿ. ಹೋಗುವಾಗ ಚಿಕ್ಕಿ ಕೊಳ್ಳೋದು ಹೇಗೂ ಇದ್ದೇ ಇದೆ. ಅದಕ್ಕೆ ಮೊದಲು ಒಂದು ಹತ್ತು ನಿಮಿಷ ಪದಗಳ ಬಗ್ಗೆ ಮಾತಾಡೋಣ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಕೈ ಎತ್ತಿ. ಸುಮಾರು ಜನ ಇದ್ದೀರಿ, ನಾನೂ ಒಬ್ಬ. ಈಗ, ಮಕ್ಕಳ ಸೈನ್ಸ್ ಹೋಮ್‌ವರ್ಕಿಗೆ ಜೊತೆಗೆ ಕೂರೋರು ಎಷ್ಟು ಜನ? ನೋಡಿ, ಅರ್ಧಕ್ಕರ್ಧ ಕೈ ಕೆಳಗೆ ಬಂತು. ಕಾರಣ ಕೇಳಿದರೆ ಎಲ್ಲರೂ ಹೇಳೋದು ಒಂದೇ: "ನಾವು ಕಲಿತ ಪದವೇ ಬೇರೆ, ಅವರು ಕಲಿಯೋ ಪದವೇ ಬೇರೆ." ಎಂಟೆಕ್ ಮಾಡಿ, ದೊಡ್ಡ ದೊಡ್ಡ ಸಿಸ್ಟಮ್ ಕಟ್ಟೋ ಜನ ಆರನೇ ಕ್ಲಾಸಿನ ಪುಸ್ತಕದ ಮುಂದೆ ಸುಮ್ಮನಾಗ್ತಾರೆ. ಪದ ನಿಜವಾಗಿ ಅಷ್ಟು ಬೇರೆಯಾ ಅನ್ನೋದೇ ಇವತ್ತಿನ ಪ್ರಶ್ನೆ.

ಫಿಸಿಕ್ಸ್ ಅನ್ನೋ ಪದದಿಂದಲೇ ಶುರು ಮಾಡೋಣ. ಅದು ಗ್ರೀಕಿನ 'ಫುಸಿಸ್'ನಿಂದ ಬಂದದ್ದು. ಫುಸಿಸ್ ಅಂದರೆ ಪ್ರಕೃತಿ. ಅದರ ಹಿಂದಿರೋ ಕ್ರಿಯಾಪದ 'ಫುಓ': ಹುಟ್ಟು, ಬೆಳೆ, ಆಗು. ಅಂದರೆ ಗ್ರೀಕರಿಗೆ ಪ್ರಕೃತಿ ಅಂದರೆ ತಾನಾಗಿ ಬೆಳೆಯುವಂಥದ್ದು. ಅದೇ ಕ್ರಿಯಾಪದದಿಂದ 'ಫುಟಾನ್', ಅಂದರೆ ಗಿಡ. ಬಾಟನಿ ಪುಸ್ತಕದಲ್ಲಿ ಎಪಿಫೈಟ್, ಬ್ರಯೋಫೈಟ್ ಅಂತೆಲ್ಲ ಬರತ್ತಲ್ಲ, ಆ 'ಫೈಟ್' ಇದೇ.

ಈಗ ನಮ್ಮ ಕನ್ನಡ ಪಠ್ಯಪುಸ್ತಕದ ಪದ ನೋಡಿ: ಭೌತಶಾಸ್ತ್ರ. ಭೌತ ಬಂದದ್ದು 'ಭೂತ'ದಿಂದ, ಭೂತ ಬಂದದ್ದು ಸಂಸ್ಕೃತದ 'ಭೂ' ಧಾತುವಿನಿಂದ. ಅದರ ಅರ್ಥ ಆಗು, ಇರು. ಆದದ್ದು ಭೂತ, ಆಗಲಿರೋದು ಭವಿಷ್ಯ. ಈ 'ಭೂ', ಆ 'ಫುಓ' ಎರಡೂ ಒಂದೇ ಮೂಲದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ರೆಪೊದ ಎರಡು ಫೋರ್ಕ್.

ಧ್ವನಿ ಹತ್ತಿರ ಇದೆ ಅಂತ ಸುಮ್ಮನೆ ಜೋಡಿಸ್ತಿಲ್ಲ. ಇದಕ್ಕೊಂದು ನಿಯಮ ಇದೆ. ಸಂಸ್ಕೃತದಲ್ಲಿ 'ಭ' ಇರೋ ಕಡೆ ಗ್ರೀಕಿನಲ್ಲಿ 'ಫ', ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ 'ಫ', ಇಂಗ್ಲಿಷಿನಲ್ಲಿ 'ಬ' ಬರತ್ತೆ. ಭ್ರಾತೃ, ಫ್ರಾತೇರ್, ಫ್ರಾತೆರ್, ಬ್ರದರ್. ಅದೇ ನಿಯಮವನ್ನ 'ಭೂ' ಮೇಲೆ ಓಡಿಸಿ: ಗ್ರೀಕಿನ ಫುಸಿಸ್ ಸಿಗತ್ತೆ, ಲ್ಯಾಟಿನ್ನಿನಿಂದ ಬಂದ ಫ್ಯೂಚರ್ ಸಿಗತ್ತೆ, ಇಂಗ್ಲಿಷಿನ 'ಬಿ' ಸಿಗತ್ತೆ. ದಿನಕ್ಕೆ ನಾಲ್ಕು ಸಲ ಫೇಲ್ ಆಗೋ ನಮ್ಮ 'ಬಿಲ್ಡ್' ಕೂಡ ಅದೇ ಮನೆತನದ್ದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ.

ಇನ್ನೆರಡು ಉದಾಹರಣೆ. ಬಯಾಲಜಿಯ 'ಬಿಯಾಸ್', ಜೀವಶಾಸ್ತ್ರದ 'ಜೀವ' ಒಂದೇ ಮೂಲದವು. ಕ್ಲೋರೋಫಿಲ್‌ನಲ್ಲಿ 'ಕ್ಲೋರಾಸ್' ಅಂದರೆ ಎಳೆ ಹಸಿರು, 'ಫಿಲ್ಲಾನ್' ಅಂದರೆ ಎಲೆ. ನಾವು ಕಲಿತ ಪದ ಪತ್ರಹರಿತ್ತು: ಪತ್ರ ಅಂದರೆ ಎಲೆ, ಹರಿತ್ ಅಂದರೆ ಹಸಿರು. ಅರ್ಥ ಒಂದೇ, ಮೇಲಾಗಿ ಕ್ಲೋರಾಸ್ ಮತ್ತು ಹರಿತ್ ಕೂಡ ನೆಂಟರೇ. ಇಂಗ್ಲಿಷ್ ಮೀಡಿಯಂ ಮಗುವಿಗೆ ಕ್ಲೋರೋಫಿಲ್ ಬರೀ ಒಂದು ಹೆಸರು, ಉರು ಹೊಡೀಬೇಕು. ಪತ್ರಹರಿತ್ತು ಗೊತ್ತಿರೋ ಅಪ್ಪ ಅಮ್ಮನ ಹತ್ತಿರ ಅದರ ಅರ್ಥವೇ ಇದೆ. ಪುಣೆಯ ಮರಾಠಿ ಶಾಲೆಯ ಪುಸ್ತಕದಲ್ಲೂ ಅದು ಹರಿತದ್ರವ್ಯ, ಫಿಸಿಕ್ಸ್ ಅಲ್ಲಿ ಭೌತಿಕಶಾಸ್ತ್ರ. ನಿಮ್ಮ ಕೀಲಿಕೈ ಇಲ್ಲೂ ನಡೆಯತ್ತೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನ ಕೇಳಿ ಯಾರೂ "ಕನ್ನಡವೂ ಗ್ರೀಕೂ ಅಣ್ಣತಮ್ಮ" ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ. ಗ್ರೀಕಿನ ನೆಂಟಸ್ತನ ಸಂಸ್ಕೃತದ ಜೊತೆ. ಕನ್ನಡ ದ್ರಾವಿಡ ಭಾಷೆ. ಭೌತ, ಜೀವ, ಪತ್ರ ಎಲ್ಲ ನಾವು ಸಂಸ್ಕೃತದಿಂದ ತಂದುಕೊಂಡದ್ದು, ಇಂಗ್ಲಿಷಿನವರು ಗ್ರೀಕಿನಿಂದ ತಂದುಕೊಂಡ ಹಾಗೇ. ಅವರದ್ದು ಸಹಜ, ನಮ್ಮದು ಕೃತಕ ಅನ್ನೋದಕ್ಕೆ ಅರ್ಥ ಇಲ್ಲ. ಎರಡು ಕಡೆಯೂ ಸಾಲವೇ.

ಹಾಗಾದರೆ ಅಚ್ಚಗನ್ನಡದಲ್ಲಿ ಏನಿದೆ? 'ಬೆಳೆ' ಇದೆ. ಬೆಳೆಯೋ ಕ್ರಿಯೆಯೂ ಬೆಳೆ, ಹೊಲದಲ್ಲಿ ಬೆಳೆದು ನಿಂತದ್ದೂ ಬೆಳೆ. ಫುಓ, ಫುಟಾನ್ ಜೋಡಿ ಮಾಡೋ ಕೆಲಸವನ್ನ ನಮ್ಮಲ್ಲಿ ಈ ಒಂದು ಪದವೇ ಮಾಡತ್ತೆ. ಗ್ರೀಕ್ ಪದಗಳೂ ಮೂಲದಲ್ಲಿ ಹೊಲ ಮನೆಯ ಮಾತೇ. ಬಾಟನಿ ಬಂದ 'ಬೊಟಾನೇ'ಗೆ ಅರ್ಥ ಹುಲ್ಲು, ಮೇವು! ಮೊನೊಕಾರ್ಪಿಕ್ ಅಂದರೆ ಒಂದೇ ಸಲ ಫಲ ಕೊಡೋದು. ಈ ಸಹ್ಯಾದ್ರಿಯ ಕಾರ್ವಿ ಗಿಡ ಹಾಗೇ: ಎಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆಯಾಗಿ ಹೂ ಬಿಟ್ಟು, ಬೀಜ ಕಟ್ಟಿ, ಸಾಯತ್ತೆ. ಹಿತ್ತಲಲ್ಲಿ ಬಾಳೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಗೊನೆ ಬಿಟ್ಟ ಬಾಳೆದಿಂಡು ಮತ್ತೆ ಗೊನೆ ಬಿಡಲ್ಲ.

ಎಪಿಫೈಟ್ ಅಂದರೆ 'ಮೇಲೆ ಬೆಳೆದದ್ದು'. ಮಲೆನಾಡಿನಲ್ಲಿ ಮರದ ಕೊಂಬೆ ಮೇಲೆ ಸೀತಾಳೆ ದಂಡೆ ನೋಡಿದ್ದೀರಲ್ಲ, ಆ ಥರ. ಮರದ ಆಸರೆ ಪಡೆಯತ್ತೆ, ಮರದ ರಸ ಹೀರಲ್ಲ. ರಸ ಹೀರೋದು ಬಂದಳಿಕೆ, ಅದು ಪ್ಯಾರಸೈಟ್. ಹೊರಗಿನಿಂದ ಬಂದವರು ಅಂತ ಯಾರಾದರೂ ನಮ್ಮನ್ನ ಛೇಡಿಸಿದರೆ ಹೇಳಿ: ನಾವು ಸೀತಾಳೆ, ಬಂದಳಿಕೆ ಅಲ್ಲ!

ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ನೂರು ವರ್ಷದ ದಾರಿಯೇ ಇದೆ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ಶುರು ಮಾಡಿದರು. ನಡೆದದ್ದು ಎರಡೇ ವರ್ಷ. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆಮೇಲೆ ಬಿ.ಜಿ.ಎಲ್. ಸ್ವಾಮಿ. ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ, ಕೆಲಸ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅಲ್ಲಿದ್ದುಕೊಂಡೇ ಸಸ್ಯಶಾಸ್ತ್ರವನ್ನ ನಗು ನಗುತ್ತಾ ಓದೋ ಕನ್ನಡದಲ್ಲಿ ತಂದರು. ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಷ್ಟೆಲ್ಲ ಹೇಳೋದಕ್ಕೆ ಲೋಣಾವಳಾಗಿಂತ ಒಳ್ಳೆ ಜಾಗ ಇಲ್ಲ. ಇಲ್ಲಿಂದ ಹತ್ತು ಹನ್ನೊಂದು ಕಿ.ಮೀ. ದೂರದಲ್ಲಿ ಕಾರ್ಲಾ ಗುಹೆಗಳಿವೆ, ಏಕವೀರಾ ದೇವಿ ಗುಡಿ ಪಕ್ಕದಲ್ಲೇ. ಅಲ್ಲಿನ ದೊಡ್ಡ ಚೈತ್ಯ ಸುಮಾರು 45 ಮೀಟರ್ ಉದ್ದ, ಬಂಡೆಯನ್ನೇ ಕೊರೆದು ಮಾಡಿದ್ದು, ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಹಳೇದು. ಒಳಗಿನ ಕಂಬಗಳ ಮೇಲೆ ದಾನ ಕೊಟ್ಟವರ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ಅವರಲ್ಲಿ ಹಲವರು ಧೇನುಕಾಕಟದ ಯವನರು. ಯವನ ಅಂದರೆ ಆ ಕಾಲದಲ್ಲಿ ಗ್ರೀಕ್ ಕಡೆಯವರು. ಆದರೆ ಅವರ ಹೆಸರುಗಳು ನೋಡಿ, ಈ ನೆಲದವೇ. ಇನ್ನು ಈ ಕಲ್ಲಿನ ಮನೆಯನ್ನ ಪೂರ್ತಿ ಮಾಡಿಸಿದ್ದು ತಾನು ಅಂತ ಮುಂಭಾಗದಲ್ಲಿ ಬರೆಸಿರೋ ಸೆಟ್ಟಿ ಯಾವ ಊರಿನವನು ಗೊತ್ತಾ? ವೈಜಯಂತಿ. ಅಂದರೆ ನಮ್ಮ ಬನವಾಸಿ! ಅವನ ಹೆಸರು ಭೂತಪಾಲ. ಫಿಸಿಕ್ಸಿನ ನೆಂಟ ಪದ ಅವನ ಹೆಸರಿನಲ್ಲೇ ಇದೆ. ಬನವಾಸಿಯಿಂದ ಬಂದವನೊಬ್ಬ, ಗ್ರೀಕ್ ಕಡೆಯವರು ಕೆಲವರು, ಒಂದೇ ಛಾವಣಿಗೆ ದುಡ್ಡು ಹಾಕಿದ್ದರು.

ಅದಕ್ಕೇ ಒಂದು ಕೋರಿಕೆ. ಮುಂದಿನ ಸಲ ಮಗು ಪುಸ್ತಕ ಹಿಡ್ಕೊಂಡು ಬಂದಾಗ "ಅಮ್ಮನ್ನ ಕೇಳು", "ಟ್ಯೂಷನ್‌ನಲ್ಲಿ ಕೇಳು" ಅನ್ನಬೇಡಿ. ಫೋಟೋಸಿಂಥೆಸಿಸ್ ಅಂತ ಬಂದರೆ ನೀವು ಕಲಿತ ದ್ಯುತಿಸಂಶ್ಲೇಷಣೆ ಹೇಳಿ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಜೋಡಿಸೋದು ಅಂತ ಬಿಡಿಸಿ. ಫೋಟೋ ಅಂದರೂ ಬೆಳಕೇ, ಸಿಂಥೆಸಿಸ್ ಅಂದರೂ ಕೂಡಿಸಿ ಇಡೋದೇ ಅಂತ ತೋರಿಸಿ. ಐದು ನಿಮಿಷದ ಕೆಲಸ. ಮಗುವಿಗೆ ಒಂದು ಪದದ ಅರ್ಥ ಸಿಗತ್ತೆ. ಅಪ್ಪ ಅಮ್ಮ ಊರಲ್ಲಿ ಕನ್ನಡದಲ್ಲಿ ಓದಿದ್ದು ಕೂಡ ವಿಜ್ಞಾನವೇ ಅನ್ನೋದೂ ಅದಕ್ಕೆ ಗೊತ್ತಾಗತ್ತೆ.

ಮಳೆ ಸ್ವಲ್ಪ ನಿಂತ ಹಾಗಿದೆ, ಚಹಾ ಬಂದಿದೆ.