ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



2005ನೇ ಸಾಲಿನ ಬ್ಯಾಚಿನ ಪರವಾಗಿ ಹತ್ತು ನಿಮಿಷ ಮಾತಾಡಬೇಕೆಂದು ಹೇಳಿದ್ದಾರೆ. ಈ ಶಾಲೆಯಲ್ಲಿ ಓದುವಾಗ ನಾನು ವೇದಿಕೆ ಹತ್ತಿದ್ದು ಒಂದೇ ಸಲ, ಒಂದು ಆಗಸ್ಟ್ ಹದಿನೈದಕ್ಕೆ. ಎರಡು ವಾಕ್ಯ ಹೇಳಿ, ಮೂರನೆಯದು ಮರೆತು, ಕೈಮುಗಿದು ಇಳಿದೆ. ಆದ್ದರಿಂದ ಇವತ್ತು ಬರೆದುಕೊಂಡೇ ಬಂದಿದ್ದೇನೆ. ಗುರುಗಳು ಕ್ಷಮಿಸಬೇಕು.

ನಮ್ಮ ಬ್ಯಾಚು 2002ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿತು. 2005ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆಯಿತು. ಹಿರಿಯರಿಗೆ ಆ ವರ್ಷಗಳ ನೆನಪು ಇರಲೇಬೇಕು. 2001ರಿಂದ ಸತತ ಮೂರು ವರ್ಷ ರಾಜ್ಯದಲ್ಲಿ ಬರ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಗೆ ಮಳೆ ಎಂಬುದು ಒಳ್ಳೆಯ ವರ್ಷದಲ್ಲೂ ನೆಂಟರ ಹಾಗೆ, ಬಂದು ಹೋಗುವುದು. ಆ ಮೂರು ವರ್ಷ ನೆಂಟರೂ ಬರಲಿಲ್ಲ. ನಮ್ಮದು ಶೇಂಗಾ ಸೀಮೆ. ಬಿತ್ತಿದ ಬೀಜ ಮೊಳೆಯುತ್ತಿತ್ತು, ಹೂವೂ ಬಿಡುತ್ತಿತ್ತು. ಊಡು ಮಣ್ಣಿಗೆ ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿರುತ್ತಿತ್ತು. ಗಿಡ ಕಿತ್ತರೆ ಬೇರಿನಲ್ಲಿ ಎರಡೋ ಮೂರೋ ಜೊಳ್ಳು ಕಾಯಿ. ಎಣ್ಣೆ ಮಿಲ್ಲುಗಳ ಊರೆಂದು ಹೆಸರಾದ ಚಳ್ಳಕೆರೆಯಲ್ಲೇ ನಮ್ಮ ತಾಯಂದಿರು ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತಿದ್ದರು.

ಎಂಟನೇ ತರಗತಿಗೆ ಸೇರಿದಾಗ ನಮಗೆ ಎರಡು ಸೆಕ್ಷನ್ ಇದ್ದವು. ಹತ್ತನೇ ತರಗತಿಗೆ ಬಂದಾಗ ಒಂದೇ ಸೆಕ್ಷನ್. ಅದರಲ್ಲೂ ಹಿಂದಿನ ಬೆಂಚುಗಳು ಖಾಲಿ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಖಾಲಿ ಬೆಂಚುಗಳ ಬಗ್ಗೆ.

ಒಂಬತ್ತನೇ ತರಗತಿಯವರೆಗೆ ನನ್ನ ಪಕ್ಕ ಒಬ್ಬ ಗೆಳೆಯ ಕೂರುತ್ತಿದ್ದ. ಹೆಸರು ಹೇಳುವುದಿಲ್ಲ. ಅವನು ಈಗ ಈ ಶಾಮಿಯಾನದ ಕೆಳಗೇ ಕೂತಿದ್ದಾನೆ, ಹೇಳಿದರೆ ಎದ್ದು ಹೋಗುತ್ತಾನೆ. ಗಣಿತದಲ್ಲಿ ನಮ್ಮ ತರಗತಿಗೆ ಅವನೇ ಮೊದಲಿಗ. ಪ್ರಮೇಯವನ್ನು ನಾನು ಬಾಯಿಪಾಠ ಮಾಡುತ್ತಿದ್ದೆ. ಅವನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು, 'ಇಲ್ ನೋಡಲೇ, ಈ ಮೂಲೆ ಆ ಮೂಲೆ ಒಂದೇ ಐತೆ' ಎಂದು ತೋರಿಸುತ್ತಿದ್ದ. ಎರಡು ತ್ರಿಭುಜಗಳು ಹೇಗೆ ಸರ್ವಸಮವಾಗುತ್ತವೆ ಎಂಬುದು ನನಗೆ ತಿಳಿದದ್ದು ಹಾಗೆ.

2003ರ ದಸರಾ ರಜೆ ಮುಗಿಯಿತು. ಅವನು ಬರಲಿಲ್ಲ. ಬೆಳೆ ಕೈಕೊಟ್ಟಿತ್ತು, ಮನೆಯವರೆಲ್ಲ ಚಿಕ್ಕಮಗಳೂರು ಕಡೆಗೆ ಕಾಫಿ ಕೊಯ್ಲಿಗೆ ಹೋಗಿದ್ದರು. ಮೇಷ್ಟ್ರು ದಿನಾ ಹಾಜರಿ ಕರೆಯುವಾಗ ಅವನ ಹೆಸರು ಕರೆದು ಒಂದು ಗಳಿಗೆ ನಿಲ್ಲಿಸುತ್ತಿದ್ದರು. ನಾವೆಲ್ಲ ಒಟ್ಟಿಗೆ, 'ಕಾಫಿ ತೋಟ ಸಾರ್' ಎನ್ನುತ್ತಿದ್ದೆವು. ಕೆಲವು ವಾರಗಳ ನಂತರ ಆ ಸಾಲಿನ ಮೇಲೆ ಕೆಂಪು ಗೆರೆ ಬಿತ್ತು. ಅವನು ಬೇಸಿಗೆಗೆ ಊರಿಗೆ ಬಂದ, ಶಾಲೆಗೆ ಬರಲಿಲ್ಲ.

ಈಗ ಒಂದು ಸತ್ಯ ಹೇಳಬೇಕು. ಅವನು ಹೋದ ಮೇಲೆ ಗಣಿತದಲ್ಲಿ ಮೊದಲಿಗ ನಾನಾದೆ. ಆ ದಿನ ನನಗೆ ಖುಷಿಯೇ ಆಯಿತು. ಅವನಿಗಾಗಿ ಬೇಸರವಾದದ್ದು ತುಂಬ ವರ್ಷಗಳ ನಂತರ.

ನಾನು ಉಳಿದದ್ದು, ಅವನು ಹೋದದ್ದು ಯಾಕೆ? ನನ್ನ ತಂದೆಗೆ ಸಣ್ಣದಾದರೂ ತಿಂಗಳ ಸಂಬಳವಿತ್ತು. ಅವನ ತಂದೆಗೆ ಮಳೆಯ ಸಂಬಳ. ಇಷ್ಟೇ ವ್ಯತ್ಯಾಸ. ಬುದ್ಧಿಯಲ್ಲಿ, ಶ್ರಮದಲ್ಲಿ ವ್ಯತ್ಯಾಸವಿದ್ದರೆ ಅದು ಅವನ ಕಡೆಗೇ ವಾಲುತ್ತಿತ್ತು.

ಹೆಣ್ಣುಮಕ್ಕಳ ಕಥೆ ಬೇರೆ. ಸುತ್ತಲಿನ ಹಟ್ಟಿಗಳಿಂದ ನಾಲ್ಕೈದು ಕಿಲೋಮೀಟರ್ ನಡೆದು ಬರುತ್ತಿದ್ದವರು ಮೊದಲು ಗುಂಪಾಗಿ ಬಂದರು. ಒಬ್ಬೊಬ್ಬರೇ ಬಿಟ್ಟ ಹಾಗೆ ಗುಂಪು ಚಿಕ್ಕದಾಯಿತು. ಕೊನೆಗೆ ಉಳಿದ ಇಬ್ಬರನ್ನು ಮನೆಯವರು, 'ಇಬ್ಬರೇ ಹೆಂಗೆ ಹೋಗ್ತೀರಿ' ಎಂದು ನಿಲ್ಲಿಸಿದರು. ನಮ್ಮ ಬ್ಯಾಚ್ ಹೊರಬಿದ್ದ ಮರುವರ್ಷ, 2006-07ರಲ್ಲಿ, ಸರ್ಕಾರ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುಮಾಡಿತು. ಅದರ ಮರುವರ್ಷ ಬಿಸಿಯೂಟ ಪ್ರೌಢಶಾಲೆಗೂ ಬಂತು. ನಾವು ಓದುವಾಗ ಎರಡೂ ಇರಲಿಲ್ಲ. ಮಧ್ಯಾಹ್ನ ಗಂಟೆ ಹೊಡೆದಾಗ ಡಬ್ಬಿ ಇದ್ದವರು ಬೇವಿನ ಮರದ ಕೆಳಗೆ, ಇಲ್ಲದವರು ಬೋರ್‌ವೆಲ್ ಹತ್ತಿರ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೆಲವು ವರ್ಷ ಮೊದಲೇ ಒಂದು ಸೈಕಲ್ಲು, ಒಂದು ತಟ್ಟೆ ಅನ್ನ ಬಂದಿದ್ದರೆ ನಮ್ಮ ಎರಡನೇ ಸೆಕ್ಷನ್ ಉಳಿಯುತ್ತಿತ್ತೇನೋ.

ನಗುವ ನೆನಪುಗಳೂ ಇವೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಸಿಟ್ಟು ಬಂದಾಗ ತೆಲುಗು, ಮೇಷ್ಟ್ರು ಕಂಡಾಗ ಕನ್ನಡ. ಹತ್ತು ವರ್ಷ ಕಷ್ಟಪಟ್ಟು ಕನ್ನಡದಲ್ಲಿ ವಿಜ್ಞಾನ ಕಲಿತು ಪಿಯುಸಿಗೆ ಹೋದರೆ ಅಲ್ಲಿ ಎಲ್ಲಾ ಇಂಗ್ಲಿಷ್. ವೇಗೋತ್ಕರ್ಷದ ಲೆಕ್ಕ ನಿದ್ದೆಯಲ್ಲೂ ಮಾಡುತ್ತಿದ್ದ ನಾನು, ಉಪನ್ಯಾಸಕರು ಆಕ್ಸಿಲರೇಶನ್ ಅಂದಾಗ ಬೈಕಿನ ಹಿಡಿಕೆ ನೆನೆಸಿಕೊಂಡು ಕೂತಿದ್ದೆ. ಎರಡೂ ಒಂದೇ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಮೀಸಲಿವೆ. ಈ ಊರಲ್ಲಿ, ಈ ಭಾಷೆಯಲ್ಲಿ ಓದಿದ್ದೇ ನನಗೆ ಇಂಜಿನಿಯರಿಂಗ್ ಸೀಟು ಕೊಡಿಸಿತು. ಮುಂದೆ ಕೂತಿರುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು. ಕನ್ನಡ ಮಾಧ್ಯಮ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ತಲೆ ತಗ್ಗಿಸಬೇಡಿ.

ಇನ್ನೊಂದು ನೆನಪು ಎಂಟನೇ ತರಗತಿಯ ಪ್ರವಾಸದ್ದು. ಬೇರೆ ಶಾಲೆಯವರು ಮೈಸೂರಿಗೆ, ಹಂಪಿಗೆ ಹೋಗುತ್ತಿದ್ದರು. ಬರದ ವರ್ಷ, ದುಡ್ಡಿಲ್ಲ. ಸಮಾಜ ಪಾಠದ ಮೇಷ್ಟ್ರು, 'ಅವರೆಲ್ಲ ಐನೂರು ವರ್ಷದ ಹಿಂದಕ್ಕೆ ಹೋಗ್ಲಿ, ನಾವು ಎರಡು ಸಾವಿರದ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ' ಎಂದು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ಊರವರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬಂಡೆ ಅದು. 1892ರಲ್ಲಿ ಬಿ.ಎಲ್. ರೈಸ್ ಅವರು ಅಲ್ಲಿಯ ಅಶೋಕನ ಶಾಸನವನ್ನು ಲೋಕಕ್ಕೆ ತಿಳಿಸಿದರು. ಅದರ ಜೊತೆಯವು ಹತ್ತಿರದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇವೆ.

ಮೇಷ್ಟ್ರು ಅದರ ಸಾರ ಹೇಳಿದರು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಕೊನೆಯದನ್ನು ಎರಡು ಸಲ ಹೇಳಿದರು. ನಾವು ನಕ್ಕೆವು.

ನನ್ನ ಗೆಳೆಯ ಮಾತ್ರ, 'ಸಾರ್, ಅಶೋಕ ಅಂತ ಎಲ್ಲಿ ಬರ್ದೈತೆ?' ಎಂದು ಕೇಳಿದ. ಮೇಷ್ಟ್ರಿಗೆ ಖುಷಿಯೋ ಖುಷಿ. 'ಇಲ್ಲಿ ಅಶೋಕ ಅಂತ ಹೆಸರಿಲ್ಲ ಕಣೋ, ದೇವಾನಾಂಪ್ರಿಯ ಅಂತ ಬಿರುದು ಮಾತ್ರ ಇದೆ. ಹೆಸರು ಇರೋದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಅದು ಸಿಕ್ಕಿದ್ದು 1915ರಲ್ಲಿ. ಆದರೆ ಈ ಬಂಡೆ ಮೇಲೆ ಬೇರೊಬ್ಬನ ಹೆಸರಿದೆ. ಚಪಡ. ಇದನ್ನು ಬರೆದ ಲಿಪಿಕಾರ' ಎಂದರು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ತಾನು ಲಿಪಿಕಾರ ಎಂದು ಹೇಳುವ ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಓದುವ, ದೂರದ ವಾಯವ್ಯ ಗಡಿ ಸೀಮೆಯ ಲಿಪಿ. ಎಲ್ಲಿಂದಲೋ ಬಂದು ನಮ್ಮ ಕಲ್ಲಿನ ಮೇಲೆ ರುಜು ಹಾಕಿ ಹೋಗಿದ್ದಾನೆ.

ಗೆಳೆಯ ವಾಪಸ್ ಬರುವಾಗ ದಾರಿಯುದ್ದಕ್ಕೂ ಹೇಳುತ್ತಿದ್ದ, 'ರಾಜನ ಹೆಸರಿಲ್ಲ, ಬರೆದವನ ಹೆಸರೈತೆ ನೋಡಲೇ!'

ಈ ಮಾತು ಹೋದ ತಿಂಗಳು ಮತ್ತೆ ನೆನಪಾಯಿತು. ಸುವರ್ಣ ಮಹೋತ್ಸವಕ್ಕೆಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪು ಮಾಡಿದೆವು. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆ ಇಟ್ಟುಕೊಂಡು ನಾನೇ ನಂಬರ್ ಹುಡುಕಿ ಹುಡುಕಿ ಸೇರಿಸಿದೆ. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಗೆಳೆಯ ಇಲ್ಲವೆಂದು ಗೊತ್ತಾಯಿತು. ಫೋನ್ ಮಾಡಿ ಸಮಾವೇಶಕ್ಕೆ ಬಾ ಎಂದೆ. 'ನಾನ್ಯಾವ ಬ್ಯಾಚಪ್ಪ? ಪರೀಕ್ಷೆನೇ ಬರೀಲಿಲ್ವಲ್ಲ. ಪಾಸಾದೋರು ಸೇರ್ಕೊಳ್ಳಿ, ಊಟಕ್ಕೆ ಬಡಿಸೋಕೆ ಬೇಕಾದ್ರೆ ಬರ್ತೀನಿ' ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾದದ್ದು.

ಅವನು ಬಿಟ್ಟುಹೋದ ಜಾಮಿಟ್ರಿ ಬಾಕ್ಸು ನನ್ನ ಹತ್ತಿರ ಉಳಿದಿತ್ತು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆದದ್ದು ಅದೇ ಕೈವಾರದಲ್ಲಿ. ದಾವಣಗೆರೆಯಲ್ಲಿ ಬಿಇ ಓದುವಾಗ ರೂಮು ಬದಲಾಯಿಸುವ ಗಡಿಬಿಡಿಯಲ್ಲಿ ಕಳೆದುಹೋಯಿತು. ಅದನ್ನು ಹೇಳಿ ತಪ್ಪಾಯಿತು ಎಂದೆ. ಬಾಕ್ಸು ಅವನಿಗೆ ನೆನಪೇ ಇರಲಿಲ್ಲ. 'ಆ ಬಂಡೆ ಮೇಲಿನ ಹೆಸರು ಏನಲೇ ಅದು, ಚಪಡ ಅಲ್ವಾ?' ಎಂದು ಕೇಳಿದ.

ನಮ್ಮ ಬ್ಯಾಚಿನವರು ಇವತ್ತು ಏನೇನೋ ಆಗಿದ್ದಾರೆ. ಶಿಕ್ಷಕರಿದ್ದಾರೆ, ನರ್ಸ್ ಇದ್ದಾರೆ, ಕಂಡಕ್ಟರ್ ಇದ್ದಾರೆ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾದ ಒಬ್ಬ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಅಂಚು ಸೆರಗಿನ ಎಳೆಗಳ ಲೆಕ್ಕ ಅವನಿಗೆ ಒಂದೂ ತಪ್ಪುವುದಿಲ್ಲ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ತೂತು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಮೊದಮೊದಲ ಕಂಪ್ಯೂಟರುಗಳು ನಡೆದದ್ದೂ ಅಂಥ ತೂತಿನ ರಟ್ಟುಗಳಲ್ಲೇ. ಅವನಿಗೆ ಇದನ್ನು ಹೇಳಿದರೆ, 'ಹಂಗಾದ್ರೆ ನಂಗೂ ನಿನ್ನಷ್ಟೇ ಸಂಬಳ ಕೊಡ್ಸು' ಎನ್ನುತ್ತಾನೆ. ಇನ್ನೊಬ್ಬ ಕುರಿ ಸಾಕುತ್ತಾನೆ. ಅವನ ತಾತ ಕುರಿ ಮೇಯಿಸಿದ ಅಮೃತಮಹಲ್ ಕಾವಲಿನ ಕಡೆಯೇ ಈಗ ವಿಜ್ಞಾನ ಸಂಸ್ಥೆಗಳ ಗೋಡೆಗಳಿವೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು, ಅದು ತಾನಾಗಿಯೇ ನಮ್ಮ ಚಳ್ಳಕೆರೆಯ ರನ್‌ವೇಗೆ ಬಂದಿಳಿಯಿತು. ವಿಡಿಯೋವನ್ನು ಗುಂಪಿಗೆ ಮೊದಲು ಹಾಕಿದವನು ಇವನೇ. ಹೆಮ್ಮೆಯೂ ಅವನದೇ, ಕುರಿಗೆ ಮೇವೆಲ್ಲಿ ಎಂಬ ಪ್ರಶ್ನೆಯೂ ಅವನದೇ. ಗೋಡೆಯ ಒಳಗಿನ ಕೆಲಸಕ್ಕೆ ಹೋಗುವ ಮಕ್ಕಳು ಈ ಶಾಲೆಯಿಂದಲೂ ಹೊರಡಬೇಕು.

ಕೊನೆಯದಾಗಿ ನನ್ನ ಎರಡು ವಿನಂತಿ.

ಮೊದಲನೆಯದು ಸಂಚಿಕೆಯ ಸಂಪಾದಕ ಮಂಡಳಿಗೆ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ಕೇಳಿದ್ದೇನೆ. ಅದರಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಾಕುತ್ತೀರಿ. ದಯವಿಟ್ಟು ಅದನ್ನು ಫಲಿತಾಂಶದ ಹಾಳೆಯಿಂದ ತೆಗೆಯಬೇಡಿ, ದಾಖಲಾತಿ ರಿಜಿಸ್ಟರಿನಿಂದ ತೆಗೆಯಿರಿ. ಈ ಶಾಲೆಯ ಬೆಂಚಿನ ಮೇಲೆ ಒಂದು ದಿನ ಕೂತವರೂ ಈ ಶಾಲೆಯ ವಿದ್ಯಾರ್ಥಿಗಳೇ. ಪುಟ ಹೆಚ್ಚಾಗುತ್ತದೆ, ಖರ್ಚೂ ಹೆಚ್ಚಾಗುತ್ತದೆ. ಆ ಖರ್ಚು ನಮ್ಮ ಬ್ಯಾಚಿನದು. ಹಳೆಯ ರಿಜಿಸ್ಟರುಗಳನ್ನು ನೋಡಿ ಟೈಪ್ ಮಾಡುವ ಕೆಲಸ ನನ್ನದು.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ಮಹಾದ್ವಾರ ಕಟ್ಟಿಸುವ ಮಾತು ನಡೆದಿದೆ, ಒಳ್ಳೆಯದೇ. ಆದರೆ ಸೈಕಲ್ ಕೊಡುವುದು ಕೆಲವು ವರ್ಷಗಳಿಂದ ನಿಂತಿದೆ, ಹಟ್ಟಿಗಳು ಅಷ್ಟೇ ದೂರದಲ್ಲಿವೆ. ಒಂದು ಮಗು ಹತ್ತು ದಿನ ಬರದಿದ್ದರೆ ಮುಖ್ಯೋಪಾಧ್ಯಾಯರು ನಮ್ಮಲ್ಲಿ ಯಾರಿಗಾದರೂ ಒಂದು ಫೋನ್ ಮಾಡಲಿ. ಊರಲ್ಲಿರುವವರು ಆ ಮನೆಗೆ ಹೋಗಿ ಕೇಳೋಣ, ಬೆಂಗಳೂರಿನಲ್ಲಿರುವವರು ಖರ್ಚು ನೋಡಿಕೊಳ್ಳೋಣ. ನಮ್ಮ ಕಾಲದಲ್ಲಿ 'ಕಾಫಿ ತೋಟ ಸಾರ್' ಎಂದು ಹೇಳಿ ನಾವು ಪಾಠಕ್ಕೆ ತಿರುಗಿಬಿಟ್ಟೆವು. ನಾವಾಗ ಚಿಕ್ಕವರು. ಈಗ ಆ ನೆಪವಿಲ್ಲ. ಅರ್ಧಕ್ಕೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಈಗಲೂ ಪರೀಕ್ಷೆ ಬರೆಯಬಹುದು. ನನ್ನ ಗೆಳೆಯನಿಗೂ ಹೇಳಿದ್ದೇನೆ. 'ನನ್ ಮಗಳು ಎಂಟನೇ ಕ್ಲಾಸು, ಅವಳ ಜೊತೆನೇ ಬರೆದ್ರಾಯ್ತು' ಎಂದು ನಕ್ಕ. ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ನಿಜವಾದರೆ ಜಾಮಿಟ್ರಿ ಬಾಕ್ಸಿನ ಸಾಲ ನನ್ನ ಮೇಲಿದೆ.

ಗುರುಗಳೇ, ನೀವು ಹೆಸರು ಕರೆದು ಒಂದು ಗಳಿಗೆ ಕಾಯುತ್ತಿದ್ದಿರಿ. ಯಾಕೆ ಕಾಯುತ್ತೀರಿ ಎಂದು ನಮಗೆ ಆಗ ತಿಳಿಯುತ್ತಿರಲಿಲ್ಲ. ಈಗ ತಿಳಿದಿದೆ. ನಿಮ್ಮೆಲ್ಲರಿಗೂ ಇಡೀ ಬ್ಯಾಚಿನ, ಎರಡೂ ಸೆಕ್ಷನ್ನಿನ ಪರವಾಗಿ ನಮಸ್ಕಾರ.