ದುಡ್ಡು ಹಾಕುವ ಮುಂಚೆ ಕಂಪನಿಯ ಜಾತಕ ನೋಡಿ

ಕೇಳುಗರು ನನ್ನನ್ನು ಪದೇ ಪದೇ ಕೇಳೋ ಪ್ರಶ್ನೆ ಇದು: ‘ಸರ್, ಕಂಪನಿ ರಿಜಿಸ್ಟರ್ ಆಗಿದೆ, ದುಡ್ಡು ಹಾಕಬಹುದಾ?’ ನಾನು ಹೇಳೋದಿಷ್ಟೇ. ನೋಂದಣಿ ಅನ್ನೋದು ಜನನ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ ಅಲ್ಲ. ಬೆಂಗಳೂರಿನ ಐಎಂಎ ಶಿವಾಜಿನಗರದಲ್ಲಿ ಎಲ್ಲರ ಕಣ್ಣೆದುರೇ ಆಭರಣ ಮಳಿಗೆ ನಡೆಸುತ್ತಿತ್ತು. 2019ರಲ್ಲಿ ಅದು ಮುಳುಗಿದಾಗ ಸಾವಿರಾರು ಕುಟುಂಬಗಳ ಉಳಿತಾಯವೂ ಮುಳುಗಿತು.

ಹಾಗಾದರೆ ಏನು ನೋಡಬೇಕು? ಮೊದಲು ಲೆಟರ್‌ಹೆಡ್‌ನಲ್ಲಿರುವ ಸಿಐಎನ್. ಅದು ಅಕ್ಷರ, ಅಂಕಿ ಸೇರಿ 21 ಇರುತ್ತೆ. ನಡುವೆ ‘ಕೆಎ’ ಇದ್ದರೆ ಕರ್ನಾಟಕದ ನೋಂದಣಿ. ಅದರ ಮುಂದಿನ ನಾಲ್ಕು ಅಂಕಿ ನೋಂದಣಿಯಾದ ವರ್ಷ. ‘ಇಪ್ಪತ್ತೈದು ವರ್ಷದ ಕಂಪನಿ’ ಅಂತಾರೆ, ಅಲ್ಲಿ 2022 ಅಂತಿದೆ. ಯಾಕೆ ಅಂತ ಕೇಳಿ.

ಆ ನಂಬರನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ. ಕಂಪನಿ ಚಾಲ್ತಿಯಲ್ಲಿದೆಯಾ, ಪಾವತಿಯಾದ ಬಂಡವಾಳ ಎಷ್ಟು, ನಿರ್ದೇಶಕರು ಯಾರು, ಎಲ್ಲಾ ಸಿಗುತ್ತೆ. ಶುಲ್ಕ ಕಟ್ಟಿದರೆ ಲೆಕ್ಕಪತ್ರಗಳನ್ನೂ ನೋಡಬಹುದು. ಒಂದು ಲಕ್ಷ ಬಂಡವಾಳದ ಕಂಪನಿ ಕೋಟಿಗಟ್ಟಲೆ ಠೇವಣಿ ಕೇಳ್ತಿದ್ದರೆ ಅಲ್ಲೇ ನಿಲ್ಲಿ. ನಿರ್ದೇಶಕರ ಹೆಸರನ್ನು ಇ-ಕೋರ್ಟ್ಸ್‌ನಲ್ಲೂ ಹುಡುಕಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಸಾರ್ವಜನಿಕರಿಂದ ಠೇವಣಿ ಪಡೆಯೋ ಅನುಮತಿ ಇದೆಯಾ ಅಂತ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ನೋಡಿ. ದೂರನ್ನೂ ಅಲ್ಲೇ ಕೊಡಬಹುದು.

ಹೆಣ್ಣು ಕೊಡುವಾಗ ನಾಲ್ಕು ಮನೆಯಲ್ಲಿ ವಿಚಾರಿಸ್ತೀವಿ. ದುಡ್ಡು ಕೊಡುವಾಗ ಅರ್ಧ ಗಂಟೆ ಕೂತು ವಿಚಾರಿಸೋಣ. ಮುಂದಿನ ವಾರ ಸಿಗೋಣ.